ಅಪ್ಪ-ಅಮ್ಮನ್ನ ಅಲ್ಲಿಗೇ ಕರೆಸ್ಕೊಳ್ತೀನಿ ಅನ್ನೋ ಮೊದಲು

ನಮ್ಮ ಹಾಸ್ಟೆಲ್‌ನಲ್ಲಿ ಎಂ.ಎಸ್. ಮಾತು ಶುರುವಾದ್ರೆ ಅದು ಮುಗಿಯೋದು ಒಂದೇ ಜಾಗದಲ್ಲಿ. ಯಾವ ಯೂನಿವರ್ಸಿಟಿ, ಎಷ್ಟು ಲೋನ್, ಜಿ.ಆರ್.ಇ. ಬೇಕಾ ಬೇಡ್ವಾ, ಎಲ್ಲಾ ಆದ್ಮೇಲೆ ಯಾರಾದ್ರೂ ಒಬ್ಬಳು "ಸೆಟಲ್ ಆದ್ಮೇಲೆ ಅಪ್ಪ-ಅಮ್ಮನ್ನ ಅಲ್ಲಿಗೇ ಕರೆಸ್ಕೊಂಡ್ಬಿಡ್ತೀನಿ ಕಣೇ" ಅಂತಾಳೆ. ಉಳಿದವರೆಲ್ಲ ತಲೆ ಆಡಿಸ್ತೀವಿ. ನಾನೂ ಹೇಳಿದ್ದೆ. ಫಸ್ಟ್ ಇಯರ್‌ನಲ್ಲಿ ಅಮ್ಮನಿಗೇ ಫೋನ್ ಮಾಡಿ ಹೇಳಿದ್ದೆ. ಅಮ್ಮ "ಮೊದಲು ಮ್ಯಾಥ್ಸ್ ಪಾಸ್ ಮಾಡು" ಅಂದ್ರು.

ಮ್ಯಾಥ್ಸ್ ಪಾಸಾಯ್ತು. ಆದ್ರೆ ಆ ಮಾತು ಈಗ ನನ್ನ ಬಾಯಲ್ಲಿ ಅಷ್ಟು ಸಲೀಸಾಗಿ ಬರಲ್ಲ. ಅದಕ್ಕೆ ಕಾರಣ ನಮ್ಮ ದೊಡ್ಡಪ್ಪ.

ದೊಡ್ಡಪ್ಪ ಹಾಸನದ ಕಡೆ ಹೈಸ್ಕೂಲ್ ಮೇಷ್ಟ್ರಾಗಿ ರಿಟೈರ್ ಆದವರು. ಅವರ ಮಗ, ಅಂದ್ರೆ ನಮ್ಮಣ್ಣ, ಟೆಕ್ಸಾಸ್‌ನಲ್ಲಿದಾನೆ. ಹೋದ ವರ್ಷ ಅತ್ತಿಗೆಗೆ ಹೆರಿಗೆ. ದೊಡ್ಡಮ್ಮ ಬಾಣಂತನಕ್ಕೆ ಹೊರಟ್ರು, ಜೊತೆಗೆ ದೊಡ್ಡಪ್ಪನೂ ಹೊರಟ್ರು. ವಿಸಿಟರ್ ವೀಸಾ, 6 ತಿಂಗಳು. ಮೆಣಸಿನಪುಡಿ, ಅಂಟಿನುಂಡೆ, ಆರು ತಿಂಗಳಿಗಾಗುವಷ್ಟು ಬಿ.ಪಿ. ಮತ್ತು ಶುಗರ್ ಮಾತ್ರೆ, ಎಲ್ಲಾ ಸೂಟ್‌ಕೇಸಲ್ಲಿ. ಒಂದು ಟ್ರಾವೆಲ್ ಇನ್ಶೂರೆನ್ಸೂ ಮಾಡಿಸಿದ್ರು.

ಮೂರನೇ ತಿಂಗಳು ಒಂದು ರಾತ್ರಿ ದೊಡ್ಡಪ್ಪನಿಗೆ ಎದೆ ಹಿಡಿದ ಹಾಗಾಯ್ತು. ಎಡಗೈ ಜೋಮು, ಬೆವರು. ಅವರು ಯಾರನ್ನೂ ಎಬ್ಬಿಸಲಿಲ್ಲ. ಬಿಸಿನೀರು ಕುಡಿದು ಬೆಳಗಿನ ತನಕ ಸೋಫಾ ಮೇಲೆ ಒಬ್ಬರೇ ಕೂತಿದ್ರು. ಬೆಳಿಗ್ಗೆ ಕೇಳಿದವರಿಗೆ "ಗ್ಯಾಸ್ಟ್ರಿಕ್" ಅಂದ್ರು. ಊರಿಗೆ ವಾಪಸ್ ಬಂದ್ಮೇಲೆ ಇ.ಸಿ.ಜಿ. ಮಾಡಿಸಿದಾಗ ಡಾಕ್ಟರು, "ನಿಮಗೆ ಆಗಲೇ ಒಂದು ಹಾರ್ಟ್ ಅಟ್ಯಾಕ್ ಆಗಿಹೋಗಿದೆ, ಯಾವಾಗ?" ಅಂತ ಕೇಳಿದ್ರಂತೆ. ಸ್ಟೆಂಟ್ ಹಾಕಿದ್ರು. ಈಗ ಪರವಾಗಿಲ್ಲ.

ದೀಪಾವಳಿಗೆ ಹೋದಾಗ ನಾನು ಕೇಳಿದೆ, "ಯಾಕ್ ಹೇಳಲಿಲ್ಲ ದೊಡ್ಡಪ್ಪ?" ಅವರು ನಕ್ಕು, "ಹೇಳಿದ್ರೆ ಅವನು 911ಗೆ ಫೋನ್ ಮಾಡಿಬಿಡ್ತಿದ್ದ ಕಣಮ್ಮ" ಅಂದ್ರು.

ಈ ವಾಕ್ಯ ನನಗೆ ವಾರಗಟ್ಟಲೆ ಬಿಡಲಿಲ್ಲ. ಎದೆ ನೋವಿಗಿಂತ ಆಂಬುಲೆನ್ಸ್ ಬರೋದೇ ಅವರಿಗೆ ಹೆಚ್ಚು ಭಯ! (ಅಣ್ಣನಿಗೆ ಈಗ ಎಲ್ಲಾ ಗೊತ್ತು. ಅವನು ಎರಡು ದಿನ ಯಾರ ಹತ್ರಾನೂ ಮಾತಾಡಲಿಲ್ಲ. ದೊಡ್ಡಪ್ಪನ್ನ ಕೇಳಿಯೇ ಇದನ್ನ ಬರೀತಿದೀನಿ.)

ದೊಡ್ಡಪ್ಪ ಮೇಷ್ಟ್ರು ನೋಡಿ, ಪಾಲಿಸಿಯ ಸಣ್ಣ ಅಕ್ಷರಾನೂ ಬಿಡದೆ ಓದಿದ್ರು. ಇಂಥ ವಿಸಿಟರ್ ಪಾಲಿಸಿಗಳಲ್ಲಿ ಮೊದಲೇ ಇದ್ದ ಕಾಯಿಲೆಗೆ ಸಾಮಾನ್ಯವಾಗಿ ದುಡ್ಡು ಬರಲ್ಲ. ಕೆಲವು ಪಾಲಿಸಿಗಳು ಹಳೇ ಕಾಯಿಲೆ ದಿಢೀರ್ ಅಂತ ಕೆರಳಿದ್ರೆ ಅಂತ ಒಂದು ಕಿಂಡಿ ಬಿಟ್ಟಿರ್ತವೆ, ಅದಕ್ಕೂ ವಯಸ್ಸಿನ ಮಿತಿ, ಮೊತ್ತದ ಮಿತಿ. ಬಿ.ಪಿ., ಶುಗರ್ ಇರೋ 67 ವರ್ಷದ ಮನುಷ್ಯನ ಹೃದಯಕ್ಕೆ ಏನಾದ್ರೂ ಅದು ಹಳೇ ಕಾಯಿಲೆ ಅಂತ ಅವರು ವಾದ ಮಾಡಬಹುದು. ದೊಡ್ಡಪ್ಪ ಅದನ್ನ ಸರಿಯಾಗೇ ಅರ್ಥ ಮಾಡ್ಕೊಂಡಿದ್ರು.

ಆದ್ರೆ ಅವರಿಗೆ ಗೊತ್ತಿಲ್ಲದ ವಿಷಯಾನೂ ಒಂದಿತ್ತು. ಅಮೆರಿಕದಲ್ಲಿ 1986ರಿಂದ ಒಂದು ಕಾನೂನಿದೆ. ಎಮರ್ಜೆನ್ಸಿ ವಿಭಾಗಕ್ಕೆ ಯಾರೇ ಬಂದ್ರೂ, ದುಡ್ಡಿರಲಿ ಇಲ್ಲದಿರಲಿ, ಯಾವ ದೇಶದವರೇ ಆಗಿರಲಿ, ಮೊದಲು ಪರೀಕ್ಷೆ ಮಾಡಿ ಜೀವದ ಅಪಾಯ ತಪ್ಪಿಸಬೇಕು. ಬಿಲ್ ಆಮೇಲೆ. ಲಾಭದ ಉದ್ದೇಶ ಇಲ್ಲದ ಆಸ್ಪತ್ರೆಗಳು ಬಡವರಿಗೆ ಬಿಲ್ ಕಡಿಮೆ ಮಾಡೋ ಒಂದು ಲಿಖಿತ ನಿಯಮ ಇಟ್ಕೊಂಡಿರಲೇಬೇಕು. ಅಂದ್ರೆ ಅಲ್ಲಿ ಬಿಲ್ ಬಗ್ಗೆ ಮಾತಾಡೋಕೆ ದಾರಿ ಇದೆ. ದೊಡ್ಡಪ್ಪ ಸೋಫಾ ಮೇಲೆ ಸತ್ತಿದ್ರೆ ಯಾವ ದಾರಿಯೂ ಇರ್ತಿರಲಿಲ್ಲ. ನಮ್ಮನೆಯವರು ಯಾರಾದ್ರೂ ಹೋಗ್ತಿದ್ರೆ ವಿಮಾನ ಹತ್ತೋ ಮೊದಲು ಇದೊಂದನ್ನ ಅವರಿಗೆ ಹೇಳಿ, ದಯವಿಟ್ಟು.

ಇದು ಆರು ತಿಂಗಳ ಕಥೆ. ಶಾಶ್ವತವಾಗಿ ಕರೆಸ್ಕೊಳ್ಳೋದು ಬೇರೆ ಲೆಕ್ಕ. ಇಂಟರ್ನಲ್ಸ್‌ಗೆ ಓದೋದು ಬಿಟ್ಟು ಒಂದು ರಾತ್ರಿ ಎಕ್ಸೆಲ್ ಶೀಟ್ ಮಾಡಿದೆ.

ನನಗೀಗ 19. ಡಿಗ್ರಿ 21ಕ್ಕೆ, ಎಂ.ಎಸ್. 23ಕ್ಕೆ. ಎಲ್ಲಾ ಚೆನ್ನಾಗಿ ನಡೆದು 25ಕ್ಕೆ ಕಂಪನಿ ನನ್ನ ಗ್ರೀನ್ ಕಾರ್ಡ್‌ಗೆ ಅರ್ಜಿ ಹಾಕ್ತು ಅಂದ್ಕೊಳ್ಳೋಣ. 2025ರಲ್ಲಿ ಇ.ಬಿ.-2 ಅನ್ನೋ ವರ್ಗದಲ್ಲಿ ಭಾರತೀಯರ ಸಾಲು ಮುಟ್ಟಿರೋದು 2013ರ ಅರ್ಜಿಗಳಿಗೆ. ಆ ಸಾಲು ಇಷ್ಟೇ ಉದ್ದ ಇದ್ರೂ 12 ವರ್ಷ, ನನಗೆ 37. ಗ್ರೀನ್ ಕಾರ್ಡ್ ಇದ್ದವರು ಅಪ್ಪ-ಅಮ್ಮನ್ನ ಸ್ಪಾನ್ಸರ್ ಮಾಡೋಕೆ ಆಗಲ್ಲ, ಸಿಟಿಜನ್ ಆಗಿರಬೇಕು. ಅದಕ್ಕೆ ಸಾಮಾನ್ಯವಾಗಿ ಇನ್ನೂ 5 ವರ್ಷ, 42. ಅವರ ಕಾಗದಪತ್ರಕ್ಕೆ ಒಂದೆರಡು ವರ್ಷ, 44. ಆಗ ಅಮ್ಮನಿಗೆ 70, ಅಪ್ಪನಿಗೆ 75.

ಮುಗಿದಿಲ್ಲ. ಅಲ್ಲಿ 65 ದಾಟಿದವರಿಗೆ ಮೆಡಿಕೇರ್ ಅಂತ ಸರ್ಕಾರಿ ವಿಮೆ ಇದೆಯಲ್ಲ, ಅದು ಹೊಸದಾಗಿ ಗ್ರೀನ್ ಕಾರ್ಡ್ ಪಡೆದು ಬಂದವರಿಗೆ 5 ವರ್ಷ ಸತತವಾಗಿ ಅಲ್ಲೇ ಇದ್ದಮೇಲೆ. ಆಗ ಅಮ್ಮನಿಗೆ 75, ಅಪ್ಪನಿಗೆ 80. ಆಗಲೂ ಪುಕ್ಕಟೆ ಅಲ್ಲ. ಅಲ್ಲಿ ಸುಮಾರು 10 ವರ್ಷ ಕೆಲಸ ಮಾಡಿ ತೆರಿಗೆ ಕಟ್ಟಿದವರಿಗೆ, ಅಥವಾ ಅವರ ಗಂಡ-ಹೆಂಡತಿಗೆ, ಆಸ್ಪತ್ರೆ ವಿಮೆಯ ಭಾಗಕ್ಕೆ ಪ್ರೀಮಿಯಂ ಇಲ್ಲ. ಮಗಳು 20 ವರ್ಷ ತೆರಿಗೆ ಕಟ್ಟಿದ್ರೂ ಅದು ಅಮ್ಮನ ಲೆಕ್ಕಕ್ಕೆ ಬರಲ್ಲ. ಕೊಂಡುಕೊಳ್ಳಬೇಕು. 2025ರ ದರದಲ್ಲಿ ಆಸ್ಪತ್ರೆ ಭಾಗಕ್ಕೆ ತಿಂಗಳಿಗೆ 518 ಡಾಲರ್, ಡಾಕ್ಟರ್ ಭಾಗಕ್ಕೆ 185 ಡಾಲರ್. ಒಬ್ಬರಿಗೆ 703, ಇಬ್ಬರಿಗೆ 1406. ಡಾಲರ್‌ಗೆ 85 ರೂಪಾಯಿ ಅಂತ ಹಿಡಿದ್ರೂ ತಿಂಗಳಿಗೆ ಸುಮಾರು 1 ಲಕ್ಷದ 20 ಸಾವಿರ. ಇದು ಬರೀ ಪ್ರೀಮಿಯಂ. ಅಡ್ಮಿಟ್ ಆದ್ರೆ 2025ರ ದರದಲ್ಲಿ ಮೊದಲ 1,676 ಡಾಲರ್ ನಾವೇ ಕಟ್ಟಬೇಕು, ಡಾಕ್ಟರ್ ಬಿಲ್‌ನಲ್ಲಿ ಶೇಕಡ 20 ನಮ್ಮದು. ಹಲ್ಲು, ಕಿವಿಯ ಮಿಷಿನ್, ಮಾಮೂಲಿ ಕನ್ನಡಕ, ಹಾಸಿಗೆ ಹಿಡಿದವರನ್ನ ವರ್ಷಗಟ್ಟಲೆ ನೋಡ್ಕೊಳ್ಳೋ ಖರ್ಚು, ಇವೆಲ್ಲ ಅದರಲ್ಲಿ ಬರಲ್ಲ. 75 ದಾಟಿದವರಿಗೆ ಬೇಕಾಗೋದೇ ಇವು ಅಲ್ವಾ?

ಮೊದಲ 5 ವರ್ಷಕ್ಕೆ ಖಾಸಗಿ ವಿಮೆ ಕೊಳ್ಳಬಹುದು. ಒಬಾಮ ಕಾಲದ 2010ರ ಕಾನೂನಿನಿಂದಾಗಿ ಹಳೇ ಕಾಯಿಲೆ ಇದೆ ಅಂತ ಆ ಪಾಲಿಸಿಗಳನ್ನ ನಿರಾಕರಿಸೋ ಹಾಗಿಲ್ಲ. ಇದು ನಿಜಕ್ಕೂ ಒಳ್ಳೇ ಕಾನೂನು. ಆದ್ರೆ ವಯಸ್ಸಾದವರಿಗೆ ಯುವಕರ ಪ್ರೀಮಿಯಂನ 3 ಪಟ್ಟುವರೆಗೂ ಹಾಕಬಹುದು.

ಶೀಟ್ ನೋಡಿ ರೂಮ್‌ಮೇಟ್ ಅಂದ್ಲು, "ನಿನ್ ಕಂಪನಿ ಇನ್ಶೂರೆನ್ಸಲ್ಲೇ ಸೇರಿಸ್ಬಿಡು." ನಮ್ಮಲ್ಲಿ ಇದೇ ರೂಢಿ, ಬೆಂಗಳೂರಿನ ಎಷ್ಟೋ ಐ.ಟಿ. ಕಂಪನಿಗಳಲ್ಲಿ ಅಪ್ಪ-ಅಮ್ಮನ್ನೂ ಸೇರಿಸಬಹುದು. ಅಲ್ಲಿ ಕುಟುಂಬ ಅಂದ್ರೆ ಸಾಮಾನ್ಯವಾಗಿ ಗಂಡ, ಹೆಂಡತಿ, ಮಕ್ಕಳು. ಅಪ್ಪ-ಅಮ್ಮ ಆ ಫಾರ್ಮ್‌ನಲ್ಲೇ ಇರಲ್ಲ.

"ಹಾಗಾದ್ರೆ ಆಸ್ಟ್ರೇಲಿಯಾ" ಅಂದ್ಲು. ನೋಡಿದೆ. ಅಲ್ಲಿ ತಂದೆ-ತಾಯಿ ವೀಸಾದಲ್ಲಿ ಎರಡು ಸಾಲು. ಕಡಿಮೆ ದುಡ್ಡಿನ ಸಾಲಿಗೆ 30 ವರ್ಷಕ್ಕೂ ಹೆಚ್ಚು ಕಾಯಬೇಕು ಅಂತ ಅವರ ಇಲಾಖೆಯೇ ಹೇಳುತ್ತೆ. ರಿಟೈರ್ ಆದವರಿಗೆ 30 ವರ್ಷದ ಕ್ಯೂ! ಇದನ್ನ ಹೇಳೋಕೆ ಅವರಿಗೆ ನಗು ಬರಲ್ವೇನೋ. ದುಬಾರಿ ಸಾಲಿನಲ್ಲಿ ಒಬ್ಬೊಬ್ಬರಿಗೆ 40 ಸಾವಿರ ಆಸ್ಟ್ರೇಲಿಯನ್ ಡಾಲರ್‌ಗಿಂತ ಹೆಚ್ಚು ಕಟ್ಟಬೇಕು, ಅಲ್ಲೂ ಕಾಯೋದು ತಪ್ಪಲ್ಲ. ಕೆನಡಾ ಸ್ವಲ್ಪ ಮರ್ಯಾದೆಯಾಗಿ ನಡ್ಕೊಳ್ಳುತ್ತೆ. ಅವರ ಸೂಪರ್ ವೀಸಾದಲ್ಲಿ 2022ರಿಂದ ಒಂದು ಸಲಕ್ಕೆ 5 ವರ್ಷದ ತನಕ ಇರಬಹುದು. ಆದ್ರೆ ಕನಿಷ್ಠ 1 ಲಕ್ಷ ಕೆನಡಿಯನ್ ಡಾಲರ್‌ನ ವಿಮೆ ನಾವೇ ಮಾಡಿಸಿರಬೇಕು.

ಹಾಗಂತ ನಾನು "ಯಾರೂ ಹೋಗಬೇಡಿ" ಅಂತಿಲ್ಲ. ನಾನೂ ಹೋಗಬೇಕು ಅಂತಾನೇ ಇದೀನಿ. "ನಮ್ಮ ದೇಶದಲ್ಲಿ ಎಲ್ಲಾ ಸರಿ ಇದೆ" ಅಂತ ಭಾಷಣಾನೂ ಅಲ್ಲ. ಬೆಂಗಳೂರಿನ ಖಾಸಗಿ ಆಸ್ಪತ್ರೆ ಬಿಲ್ ನೋಡಿ ಜಮೀನು ಮಾರಿದವರು ನಮ್ಮೂರಲ್ಲೇ ಇದಾರೆ. ಆದ್ರೆ ದೊಡ್ಡಪ್ಪ ಇಲ್ಲಿ ತನಗೆ ಬೇಕಾದ್ದನ್ನ ತಾನೇ ಮಾಡ್ಕೊಳ್ತಾರೆ. ಬಸ್ ಹತ್ತಿ ಜಯದೇವಕ್ಕೆ ಹೋಗಿ ಚೆಕಪ್ ಮಾಡಿಸ್ತಾರೆ. ಜನೌಷಧಿ ಅಂಗಡಿಗೆ ನಡೆದು ಹೋಗಿ ಮಾತ್ರೆ ತರ್ತಾರೆ. ಪೆನ್ಶನ್ ರೂಪಾಯಿಯಲ್ಲಿ ಬರುತ್ತೆ, ರೂಪಾಯಿಯಲ್ಲೇ ಖರ್ಚಾಗುತ್ತೆ. ಟೆಕ್ಸಾಸ್‌ನಲ್ಲಿ ಅವರಿಗೆ ಕಾರ್ ಬರಲ್ಲ, ಹಾಲು ತರೋಕೂ ಮಗನ ಶನಿವಾರಕ್ಕೆ ಕಾಯಬೇಕು. ಅದೇ ಪೆನ್ಶನ್ ಅಲ್ಲಿ ಅವರ ಅರ್ಧ ಪ್ರೀಮಿಯಂಗೂ ಸಾಲಲ್ಲ. 38 ವರ್ಷ ಸಂಬಳ ತಂದವರು ಅಲ್ಲಿ ಸುಮ್ಮನೆ ಮಗನ ಖರ್ಚಿನ ಒಂದು ಐಟಂ ಆಗ್ತಾರೆ. ಎದೆ ನೋವನ್ನ ಮುಚ್ಚಿಟ್ಟಿದ್ದು ಇದಕ್ಕೇ ಅಂತ ನನಗನ್ನಿಸುತ್ತೆ. ಬಿಲ್ ದೊಡ್ಡದು ಅಂತ ಅಲ್ಲ, ಅದು ತನ್ನ ದುಡ್ಡಲ್ಲ ಅಂತ.

ನಮ್ಮ ತಪ್ಪು ಏನಂದ್ರೆ, "ಕರೆಸ್ಕೊಳ್ತೀನಿ" ಅನ್ನೋದನ್ನ ಪ್ರೀತಿ ಅಂದ್ಕೊಂಡು ಹೇಳ್ತೀವಿ, ಅಷ್ಟು ಹೇಳಿ ಕೈ ತೊಳ್ಕೊಳ್ತೀವಿ. ಇಲ್ಲಿ ಇವತ್ತು ಮಾಡಬೇಕಾದ್ದನ್ನ ಮಾಡಲ್ಲ. ನಿಮ್ಮ ಅಪ್ಪ-ಅಮ್ಮನಿಗೆ ಆರೋಗ್ಯ ವಿಮೆ ಇದೆಯಾ? ಎಷ್ಟರದು? ನನಗೆ ಗೊತ್ತಿರಲಿಲ್ಲ. ಫೋನ್ ಮಾಡಿ ಕೇಳಿದೆ. ಇರೋದು ಅಪ್ಪನ ಆಫೀಸಿನ ಗ್ರೂಪ್ ಪಾಲಿಸಿ ಒಂದೇ, ಅದು ರಿಟೈರ್ ಆದ ದಿನಕ್ಕೆ ಮುಗಿಯುತ್ತೆ. ಅಂದ್ರೆ 60ಕ್ಕೆ, ಸರಿಯಾಗಿ ಬೇಕಾಗೋ ಹೊತ್ತಿಗೆ.

2024ರ ಏಪ್ರಿಲ್‌ನಿಂದ ಇಲ್ಲಿ 65 ದಾಟಿದವರಿಗೂ ವಿಮಾ ಕಂಪನಿಗಳು ಪಾಲಿಸಿ ಕೊಡಬೇಕು, ಹಳೇ ಕಾಯಿಲೆಗೆ ಕಾಯಿಸೋ ಅವಧಿ 3 ವರ್ಷಕ್ಕಿಂತ ಹೆಚ್ಚಿರಬಾರದು ಅಂತ ನಿಯಮ ಬಂದಿದೆ. 2025ರ ಸೆಪ್ಟೆಂಬರ್‌ನಿಂದ ವೈಯಕ್ತಿಕ ಆರೋಗ್ಯ ವಿಮೆ ಮೇಲೆ ಜಿ.ಎಸ್.ಟಿ.ಯೂ ಇಲ್ಲ. ಅಪ್ಪನಿಗೀಗ 50. ಈಗಲೇ ಸ್ವಂತ ಪಾಲಿಸಿ ಮಾಡಿಸಿದ್ರೆ ಆ 3 ವರ್ಷ ಆಫೀಸ್ ಪಾಲಿಸಿ ನೆರಳಲ್ಲೇ ಕಳೆದುಹೋಗುತ್ತೆ. ಇದನ್ನ ಹೇಳೋಕೆ ಎಂ.ಎಸ್. ಬೇಕಿರಲಿಲ್ಲ, ಒಂದು ಫೋನ್ ಕಾಲ್ ಸಾಕಿತ್ತು.

ಅಪ್ಪ ಮೊದಲು "ನೀನು ಓದೋದ್ ನೋಡ್ಕೋ" ಅಂದ್ರು. ನಾನು ದೊಡ್ಡಪ್ಪನ ಸೋಫಾ ವಿಷಯ ಎತ್ತಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ, ಭಾನುವಾರ ಬಾ" ಅಂದ್ರು. ಆಫೀಸ್ ಪಾಲಿಸಿ ಪೇಪರ್ ಹುಡುಕಿ ಟಿ.ವಿ. ಕೆಳಗೆ ಇಟ್ಟಿದಾರಂತೆ. ಅಮ್ಮ ಹಿಂದಿನಿಂದ ಕೂಗಿ ಕೇಳಿದ್ರು, ಊಟಕ್ಕೆ ಬರ್ತೀಯೋ ಇಲ್ಲ ತಿಂಡಿಗೇ ಬರ್ತೀಯೋ ಅಂತ.