ಅಮೆರಿಕದ ಸಾಲದ ಮಿತಿ: ಇರಬೇಕೇ, ಹೋಗಬೇಕೇ?

ಸರ್ಕಾರಕ್ಕೆ ತೆರಿಗೆ ಮತ್ತಿತರ ಮೂಲಗಳಿಂದ ಬರುವ ಹಣಕ್ಕಿಂತ ವರ್ಷದ ಖರ್ಚು ಹೆಚ್ಚಾದಾಗ ಉಳಿಯುವ ಅಂತರವನ್ನು ವಿತ್ತೀಯ ಕೊರತೆ ಎನ್ನುತ್ತಾರೆ. ಅದನ್ನು ತುಂಬಲು ವರ್ಷವರ್ಷವೂ ಎತ್ತಿ ತೀರಿಸದೆ ಉಳಿದ ಸಾಲಗಳ ಮೊತ್ತವೇ ರಾಷ್ಟ್ರೀಯ ಸಾಲ. ಅಮೆರಿಕದಲ್ಲಿ ಈ ಮೊತ್ತಕ್ಕೆ ಕಾಂಗ್ರೆಸ್, ಅಂದರೆ ಅಲ್ಲಿನ ಸಂಸತ್ತು, ಕಾನೂನಿನ ಮೂಲಕ ಗರಿಷ್ಠ ಮಿತಿ ವಿಧಿಸುತ್ತದೆ. ಮೊದಲ ಮಹಾಯುದ್ಧದ ವೆಚ್ಚಕ್ಕೆಂದು 1917ರಲ್ಲಿ ಬಾಂಡ್ ಮಾರಲು ಖಜಾನೆಗೆ ಅಧಿಕಾರ ಕೊಟ್ಟ ಕಾಯ್ದೆಯಲ್ಲಿ ಇದರ ಬೇರಿದೆ. 1939ರಲ್ಲಿ ಎಲ್ಲ ಬಗೆಯ ಸಾಲಪತ್ರಗಳಿಗೂ ಸೇರಿ 4,500 ಕೋಟಿ ಡಾಲರ್‌ನ ಒಂದೇ ಮಿತಿ ಬಂದಿತು. 2025ರ ಜುಲೈ ಹೊತ್ತಿಗೆ ಅದು 41.1 ಲಕ್ಷ ಕೋಟಿ ಡಾಲರ್ ಆಗಿತ್ತು. ಇಷ್ಟು ಏರಿದ ಮೇಲೂ ಅದನ್ನು ಮಿತಿ ಎಂದು ಇಟ್ಟುಕೊಳ್ಳಬೇಕೇ ಎಂಬುದೇ ಪ್ರಶ್ನೆ.

ಪರ

ಸಾಲ ಎತ್ತುವ ಅಧಿಕಾರವನ್ನು ಅಮೆರಿಕದ ಸಂವಿಧಾನವು ಅಧ್ಯಕ್ಷರಿಗಲ್ಲದೆ ಕಾಂಗ್ರೆಸ್ಸಿಗೆ ಕೊಟ್ಟಿದೆ. ಆ ಅಧಿಕಾರ ಕಣ್ಣಿಗೆ ಕಾಣುವಂತೆ ಚಲಾವಣೆಯಾಗುವ ಸಂದರ್ಭ ಇದೊಂದೇ ಎಂಬುದು ಮಿತಿಯ ಬೆಂಬಲಿಗರ ಮೊದಲ ವಾದ. ಹಿರಿಯರ ಪಿಂಚಣಿಯಾದ ಸೋಶಿಯಲ್ ಸೆಕ್ಯೂರಿಟಿ, ಅವರ ವೈದ್ಯಕೀಯ ವಿಮೆಯಾದ ಮೆಡಿಕೇರ್, ಹಳೆಯ ಸಾಲದ ಬಡ್ಡಿ ಇವು ಕಾಯಂ ಕಾನೂನುಗಳ ಬಲದಿಂದ ತಮ್ಮಷ್ಟಕ್ಕೆ ತಾವೇ ಪಾವತಿಯಾಗುತ್ತಿರುತ್ತವೆ, ಸದಸ್ಯರು ಪ್ರತಿ ವರ್ಷ ಮತ ಹಾಕಿ ಮಂಜೂರು ಮಾಡುವುದು ಒಟ್ಟು ಖರ್ಚಿನ ಸಣ್ಣ ಭಾಗವನ್ನು ಮಾತ್ರ. ಹಾಗಿರುವಾಗ ಒಟ್ಟು ಸಾಲ ಎಷ್ಟಾಯಿತು ಎಂದು ಸದನ ತಲೆ ಎತ್ತಿ ನೋಡುವ ಸಂದರ್ಭವೂ ತಪ್ಪಿಹೋದರೆ ಲೆಕ್ಕ ಕೇಳುವವರೇ ಇರುವುದಿಲ್ಲ. 2024ರ ಆರ್ಥಿಕ ವರ್ಷದಲ್ಲಿ ನಿವ್ವಳ ಬಡ್ಡಿಯೇ ರಕ್ಷಣಾ ವೆಚ್ಚವನ್ನು ಮೀರಿತ್ತು ಎಂಬುದನ್ನು ನೆನೆದರೆ ಈ ಆತಂಕವನ್ನು ತಳ್ಳಿಹಾಕಲಾಗದು.

ಎರಡನೆಯ ವಾದ ಅನುಭವದ್ದು. ಕೊರತೆಗೆ ಕಡಿವಾಣ ಹಾಕಿದ ಹಲವು ಕಾನೂನುಗಳು ಮಿತಿ ಏರಿಸುವ ಮಸೂದೆಯ ಬೆನ್ನೇರಿಯೇ ಬಂದವು: 1985ರ ಗ್ರಾಮ್–ರಡ್ಮನ್–ಹಾಲಿಂಗ್ಸ್ ಕಾಯ್ದೆ ಒಂದು, ಹತ್ತು ವರ್ಷಗಳ ಕೊರತೆಯನ್ನು ಸುಮಾರು 2.1 ಲಕ್ಷ ಕೋಟಿ ಡಾಲರ್‌ಗಳಷ್ಟು ತಗ್ಗಿಸುವ ಗುರಿಯ 2011ರ ಆಯವ್ಯಯ ನಿಯಂತ್ರಣ ಕಾಯ್ದೆ ಇನ್ನೊಂದು. ಆ ಕಾಯ್ದೆಯ ವೆಚ್ಚಮಿತಿಗಳನ್ನು ಮುಂದೆ ಎರಡೂ ಪಕ್ಷಗಳು ಕೂಡಿಯೇ ಮತ್ತೆ ಮತ್ತೆ ಸಡಿಲಿಸಿದವು ಎಂಬುದನ್ನು ಬೆಂಬಲಿಗರು ಅಷ್ಟಾಗಿ ಹೇಳುವುದಿಲ್ಲ.

ವಿರೋಧ

ವಿರೋಧಿಗಳು ಬೆರಳು ಮಾಡುವುದು ಮಿತಿಯ ಮೊತ್ತದ ಕಡೆಗಲ್ಲ, ಅದು ಎದುರಾಗುವ ಹೊತ್ತಿನ ಕಡೆಗೆ. ಎಷ್ಟು ತೆರಿಗೆ ಎತ್ತಬೇಕು, ಎಷ್ಟು ಖರ್ಚು ಮಾಡಬೇಕು ಎಂಬುದನ್ನು ಕಾಂಗ್ರೆಸ್ ಮೊದಲೇ ಕಾನೂನಾಗಿ ತೀರ್ಮಾನಿಸಿರುತ್ತದೆ. ಆ ತೀರ್ಮಾನದಿಂದ ತಾನಾಗಿಯೇ ಹುಟ್ಟುವ ಸಾಲಕ್ಕೆ ತಿಂಗಳುಗಳ ನಂತರ ಬೇರೆಯೇ ಅನುಮತಿ ಕೇಳುವುದು ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ. ಅನುಮತಿ ನಿರಾಕರಿಸಿದರೆ ಖರ್ಚು ನಿಲ್ಲುವುದಿಲ್ಲ, ಕೊಟ್ಟ ಮಾತು ಮಾತ್ರ ಮುರಿಯುತ್ತದೆ.

ಮಿತಿ ಮುಟ್ಟಿದ ದಿನಗಳಲ್ಲಿ ಖಜಾನೆ ಮಾಡುವ ಕಸರತ್ತನ್ನು ಹತ್ತಿರದಿಂದ ನೋಡಿದರೆ ಈ ವಾದದ ತೂಕ ತಿಳಿಯುತ್ತದೆ. ‘ಅಸಾಧಾರಣ ಕ್ರಮಗಳು’ ಎಂಬ ಹೆಸರಿನಲ್ಲಿ ಖಜಾನೆಯು ಸರ್ಕಾರಿ ನೌಕರರ ನಿವೃತ್ತಿ ನಿಧಿಯಲ್ಲಿ ಆಗಬೇಕಾದ ಹೂಡಿಕೆಯನ್ನು ತಡೆಹಿಡಿಯುತ್ತದೆ, ಅವರ ಉಳಿತಾಯ ಯೋಜನೆಯ ಸಾಲಪತ್ರ ನಿಧಿಯನ್ನು ಲೆಕ್ಕಪುಸ್ತಕದಲ್ಲಿ ಇಳಿಸಿ ಹೊರಗಿನಿಂದ ಸಾಲ ತರಲು ಅಷ್ಟೇ ಜಾಗ ಮಾಡಿಕೊಳ್ಳುತ್ತದೆ, ಮಿತಿ ಏರಿದೊಡನೆ ಬಡ್ಡಿ ಸಮೇತ ಎಲ್ಲವನ್ನೂ ತುಂಬಿಕೊಡುತ್ತದೆ. ನೌಕರರಿಗೆ ನಷ್ಟವಿಲ್ಲ, ದೇಶಕ್ಕೆ ಉಳಿತಾಯವೂ ಇಲ್ಲ. 1979ರಲ್ಲಿ ಮಿತಿ ಏರಿಕೆ ಕೊನೆಗಳಿಗೆಗೆ ಜಾರಿದಾಗ ಕಚೇರಿ ಯಂತ್ರಗಳ ದೋಷವೂ ಕೂಡಿಕೊಂಡು ಸಣ್ಣ ಹೂಡಿಕೆದಾರರಿಗೆ ಸಲ್ಲಬೇಕಾದ ಹಣ ತಡವಾಯಿತು. 2011ರ ಹಗ್ಗಜಗ್ಗಾಟದಿಂದ ಆ ಒಂದೇ ವರ್ಷ ಸಾಲದ ವೆಚ್ಚ ಸುಮಾರು 130 ಕೋಟಿ ಡಾಲರ್ ಹೆಚ್ಚಿತೆಂದು ಕಾಂಗ್ರೆಸ್ಸಿನದೇ ಲೆಕ್ಕಪರಿಶೋಧನಾ ಸಂಸ್ಥೆ ಅಂದಾಜಿಸಿತು. ಆ ಆಗಸ್ಟ್‌ನಲ್ಲಿ ಸ್ಟ್ಯಾಂಡರ್ಡ್ ಅಂಡ್ ಪೂರ್ಸ್ ಸಂಸ್ಥೆ ಅಮೆರಿಕದ ಸಾಲಯೋಗ್ಯತೆಯ ದರ್ಜೆಯನ್ನು ಮೊದಲ ಬಾರಿಗೆ ಇಳಿಸಿತು.

2025ರಲ್ಲಂತೂ ತೆರಿಗೆ ಕಡಿತ ಮುಂದುವರಿಸಿದ ಕಾಯ್ದೆಯೇ ಸಾಲದ ಮಿತಿಯನ್ನೂ 5 ಲಕ್ಷ ಕೋಟಿ ಡಾಲರ್ ಏರಿಸಿತು. ಅಲ್ಲಿ ಮಿತಿ ಯಾರ ಕೈಯನ್ನೂ ಹಿಡಿಯಲಿಲ್ಲ. ಹೋಲಿಕೆಗೆ ಭಾರತವನ್ನು ನೋಡಿ: ಕರ್ನಾಟಕ 2002ರಲ್ಲಿ, ದೇಶದ ಇತರ ರಾಜ್ಯಗಳಿಗಿಂತ ಮೊದಲು, ತಂದ ವಿತ್ತೀಯ ಹೊಣೆಗಾರಿಕೆ ಕಾಯ್ದೆಯು ಕೊರತೆಯನ್ನು ರಾಜ್ಯದ ಒಟ್ಟು ಉತ್ಪನ್ನದ ಶೇಕಡಾ 3ರೊಳಗೆ ಇರಿಸಬೇಕೆನ್ನುತ್ತದೆ. ಅಂಥ ಕಟ್ಟಳೆಯನ್ನು ಪಾಲಿಸಿದರೂ ಮುರಿದರೂ ಅದು ಬಜೆಟ್ ಬರೆಯುವಾಗಲೇ ಎದುರಿಗಿರುತ್ತದೆ. ಅಮೆರಿಕದ ಮಿತಿಯಾದರೋ ಬರಿಯ ಡಾಲರ್ ಅಂಕಿ, ಆರ್ಥಿಕತೆ ಬೆಳೆದರೂ ಅದು ತಾನಾಗಿ ಬೆಳೆಯುವುದಿಲ್ಲ.

ಸಮಯದ ಕುರಿತ ಈ ಆಕ್ಷೇಪಕ್ಕೆ ಬೆಂಬಲಿಗರಲ್ಲಿ ಸಮರ್ಪಕ ಉತ್ತರವಿಲ್ಲ. ವಿರೋಧಿಗಳೂ ಕಾಯಂ ಕಾನೂನುಗಳ ಖರ್ಚನ್ನು ಮತ್ತೆಲ್ಲಿ ಪ್ರಶ್ನಿಸಬೇಕೆಂದು ಹೇಳಿದ್ದು ಕಡಿಮೆ. ಆಯವ್ಯಯ ನಿರ್ಣಯ ಒಪ್ಪಿದೊಡನೆ ಮಿತಿ ಏರಿಕೆಯೂ ಅಂಗೀಕಾರವಾಯಿತೆಂದು ಭಾವಿಸುವ ನಿಯಮವೊಂದು 1979ರಲ್ಲಿ ಕೆಳಮನೆಗೆ ಬಂದಿತ್ತು, ಬಹುಮತ ಬದಲಾದಂತೆ ಅದನ್ನು ತೆಗೆಯುವುದೂ ಸೇರಿಸುವುದೂ ನಡೆದಿದೆ. ಮೇಲ್ಮನೆಯಾದ ಸೆನೆಟ್ ಅಂಥ ನಿಯಮವನ್ನು ಎಂದೂ ಒಪ್ಪಿಕೊಂಡಿಲ್ಲ.