ಮೂರನೇ ಕ್ಲಾಸಿಗೇ ಏಣಿ ಯಾಕೆ ತೆಗೀತೀರಿ?

ನಮ್ಮ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ತಾಂಡಾಗಳಿಂದ ದೀಪಾವಳಿ ಸುಮಾರಿಗೆ ಮಂದಿ ಮಹಾರಾಷ್ಟ್ರಕ್ಕೆ ಕಬ್ಬು ಕಡಿಯೋಕೆ ಹೋಗ್ತಾರೆ. ಎಷ್ಟೋ ಮಕ್ಕಳೂ ಜೊತೆಗೆ. ತಿಂಗಳುಗಟ್ಟಲೆ ಶಾಲೆ ಬಿಟ್ಟು ಬಂದ ಮಗುವಿಗೆ ಪಾಠ ಎಲ್ಲಿಂದ ಶುರು ಮಾಡ್ಬೇಕು?

1995ರಲ್ಲಿ ಎಚ್.ಡಿ.ಕೋಟೆಯಲ್ಲಿ ಶುರುವಾದ ನಲಿ-ಕಲಿ ಉತ್ತರ ಕೊಟ್ಟಾಗಿದೆ: ಬಿಟ್ಟ ಮೆಟ್ಟಿಲಿಂದಲೇ! ಕಲಿಕಾ ಏಣಿಯಲ್ಲಿ ಪ್ರತಿ ಮಗುವಿಗೂ ತನ್ನದೇ ಜಾಗ. ಪಕ್ಕದವನು ಮುಂದಿದ್ದಾನೆ ಅಂತ ಇವಳು ದಡ್ಡಿಯಾಗಲ್ಲ.

ಆದರೆ ಅದು ಮೂರನೇ ಕ್ಲಾಸಿಗೇ ಮುಗೀತು. ನಾಲ್ಕರಿಂದ ಎಲ್ಲರಿಗೂ ಒಂದೇ ಪುಸ್ತಕ, ಒಂದೇ ಪುಟ. ನಾಲ್ಕನೇ ಕ್ಲಾಸಿಗೆ ಬಂದ ಕೂಡಲೇ ಕಬ್ಬಿನ ಹೊಲ ತಪ್ಪುತ್ತಾ?

ನಾನು ಸಾಫ್ಟ್‌ವೇರಿನವ. ಅರ್ಧಕ್ಕೆ ನಿಂತ ಡೌನ್‌ಲೋಡು ನಿಂತಲ್ಲಿಂದಲೇ ಮುಂದುವರಿಯೋ ಹಾಗೆ ಮಾಡ್ತೀವಿ. ಮಗುವಿಗೆ ಮಾತ್ರ ಯಾಕಿಲ್ಲ? 'ಮಾಸ್ತರಿಗೆ ಹೊರೆ' ಅಂತೀರಾ? ಹಾಗಾದ್ರೆ ಇನ್ನೊಬ್ಬ ಮಾಸ್ತರನ್ನ ಕೊಡಿ ಸ್ವಾಮಿ, ಏಣಿ ಕಿತ್ಕೋಬೇಡಿ.

ಏನಂತೀರಿ?