ಚೀಟಿ ಹೇಳದ ಮಾತು

ಹಳೆಯ ವಿದ್ಯಾರ್ಥಿನಿಯೊಬ್ಬಳು ಕಳೆದ ಬೇಸಗೆಯಲ್ಲಿ ನನಗೊಂದು ಜಾಕೆಟ್ ಕಳುಹಿಸಿದ್ದಳು. ತೊಟ್ಟದ್ದೇ ಮರೆತುಹೋಗುವಷ್ಟು ಹಗುರ. ಕೊರಳಪಟ್ಟಿಯ ಚೀಟಿಯಲ್ಲಿ ‘ಜಪಾನಿ ಶೈಲಿಯ ನೈಸರ್ಗಿಕ ನಾರಿನ ಬಟ್ಟೆ’ ಎಂದಷ್ಟೇ ಇತ್ತು. ಯಾವ ನಾರು? ಯಾವ ಊರಿನ ನೇಯ್ಗೆ? ಅದರಲ್ಲಿ ಉತ್ತರವಿರಲಿಲ್ಲ.

ಹೀಗೆ ಕೇಳಲು ಕಾರಣವಿದೆ. ಜಪಾನಿನ ನಿಗಾಟ ಪ್ರಾಂತ್ಯದಲ್ಲಿ ಒಜಿಯಾ ಎಂಬ ಊರಿದೆ. ಅಲ್ಲಿಯ ‘ಒಜಿಯಾ ಚಿಜಿಮಿ’ ಬೇಸಗೆಯ ಉಡುಪಿಗೆ ಹೆಸರಾದ ಬಟ್ಟೆ. ರಾಮಿ ಎಂಬ ಗಿಡದ ನಾರನ್ನು ಉಗುರಿನಿಂದ ಸೀಳಿ, ಕೈಯಿಂದಲೇ ಹೊಸೆದು ನೂಲು ಮಾಡುವುದು ಅಲ್ಲಿಯ ಸಂಪ್ರದಾಯ. ಒಣಹವೆಗೆ ಆ ನೂಲು ತುಂಡಾಗುತ್ತದೆ. ಹಿಮಗಾಲದ ತೇವವೇ ಅದಕ್ಕೆ ರಕ್ಷೆ. ಹೊಕ್ಕಿನ ನೂಲಿಗೆ ಬಿಗಿಯಾದ ಹುರಿ ಕೊಟ್ಟು ನೇಯ್ದು, ಬಿಸಿನೀರಿನಲ್ಲಿ ನಾದಿದಾಗ ಬಟ್ಟೆಯಲ್ಲಿ ನವಿರಾದ ಸುಕ್ಕುಗಳೇಳುತ್ತವೆ. ಅವುಗಳಿಂದಾಗಿ ಬಟ್ಟೆ ಬೆವರಿದ ಮೈಗೆ ಅಂಟದು. ಬಳಿಕ ಅದನ್ನು ಹಿಮದ ಮೇಲೆ ಬಿಸಿಲಿಗೆ ಹರವಿ ಬಿಳುಪುಗೊಳಿಸುತ್ತಾರೆ. 2009ರಲ್ಲಿ ಯುನೆಸ್ಕೊ ಈ ಕಲೆಯನ್ನು ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಒಂದು ನಾಡಿನಿಂದ ಇನ್ನೊಂದು ನಾಡು ಕಲಿಯುವುದು ತಪ್ಪಲ್ಲ. ಆದರೆ ನಾಡಿನ ಹೆಸರನ್ನಿಟ್ಟುಕೊಂಡು ನಾರನ್ನೂ ನೇಯ್ದವರನ್ನೂ ಮರೆಮಾಡುವುದು ಸರಿಯಲ್ಲ. ಕೊಳ್ಳುವವರು ಕೇಳದಿದ್ದರೆ ಮಾರುವವರು ಹೇಳುವುದೂ ಇಲ್ಲ. ಇಷ್ಟು ಶ್ರಮದ ಬಟ್ಟೆಗೂ ಬರಿಯ ಅನುಕರಣೆಗೂ ಒಂದೇ ಮಾತು ಸಾಕಾಗಿಬಿಡುತ್ತದೆ.

ಜಾಕೆಟ್ಟನ್ನು ಪ್ರೀತಿಯಿಂದಲೇ ತೊಡುತ್ತಿದ್ದೇನೆ. ಆ ಚೀಟಿಗೆ ಮಾತ್ರ, ಅರ್ಧ ಉತ್ತರ ಬರೆದ ನಿಮಗೆಲ್ಲ ಅಂದು ಕೊಡುತ್ತಿದ್ದಂತೆ, ಅರ್ಧ ಅಂಕ.